ಮಂಚದ ಒಂದೇ ಬದಿ

ಅಕ್ಕನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಹಾಗಾಗಿ ಬೇಕರಿಯವಳು ಫೋನು ಹಿಡಿದು ಅದರಲ್ಲಿದ್ದ ಇ-ಮೇಲೊಂದನ್ನು ಗಟ್ಟಿಯಾಗಿ ಓದಿದಾಗ ಅವಳು ತಕ್ಷಣ ಏನೂ ಹೇಳಲಿಲ್ಲ.

"ಕೇಳಿ ಇಲ್ಲಿ, ನಮ್ಮ ಯಜಮಾನರಿಗೆ ಎಂಥ ಕಾಗದ ಬಂದಿದೆ ಅಂತ," ಎಂದಳು ಬೇಕರಿಯವಳು. ಅಳತೆ ನೋಡಲು ಅರ್ಧ ಹೊಲಿದ ಗೌನು ತೊಟ್ಟು ನಿಂತಿದ್ದಳು. ಒಂದು ತೋಳು ಇತ್ತು, ಇನ್ನೊಂದು ಇನ್ನೂ ಮೇಜಿನ ಮೇಲಿತ್ತು. "'ನಾನು ಈಗಲೂ ಮಂಚದ ಒಂದೇ ಬದಿಯಲ್ಲಿ ಮಲಗುತ್ತೇನೆ.' ನೋಡಿದ್ರಾ? ಇನ್ನೊಂದು ಬದಿ ಖಾಲಿ ಇದೆ ಬಾರಪ್ಪಾ ಅಂತ ಬೋರ್ಡು ಹಾಕಿದ ಹಾಗಿದೆ! ಕೆಳಗೆ ಒತ್ತಿದ್ರೆ ಇವಳ ಜೊತೆ ಮಾತಾಡಬಹುದಂತೆ."

"ಒತ್ತಿದ್ರಾ ನಿಮ್ಮ ಯಜಮಾನ್ರು?" ಅಡುಗೆಮನೆಯಿಂದ ಅಮ್ಮ ಕೇಳಿದಳು.

"ಒತ್ತಿದ್ರೆ ಬ್ರೆಡ್ಡಿನ ಜೊತೆ ಅವರನ್ನೂ ಒಲೆಗೆ ತಳ್ತಿದ್ದೆ."

ಅಮ್ಮ ನಕ್ಕಳು. ಒಳಕೋಣೆಯಿಂದ ಅಪ್ಪನೂ ನಕ್ಕ.

ಅಕ್ಕನ ತಮ್ಮ ಗುಮ್ಮ ಮಾತ್ರ ನಗಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ, ಯಾಕೆಂದರೆ ಅವನು ನಗುವವನೇ ಅಲ್ಲ. ಚಿಕ್ಕಂದಿನಿಂದ ಮೂಲೆ ಹಿಡಿದು ತುಟಿ ಬಿಚ್ಚದೆ ಕೂರುತ್ತಿದ್ದುದಕ್ಕೇ ಆ ಹೆಸರು ಬಿದ್ದದ್ದು. ಸಾಹಿತ್ಯ ಓದಿ ಡಿಗ್ರಿ ತಂದ ಮೇಲೂ ಮನೆಯವರಿಗೆ ಅವನು ಗುಮ್ಮನೇ. ರಜೆಯ ದಿನ ಅಕ್ಕನಿಗೆ ಕಚ್ಚಾ ಹೊಲಿಗೆ ಬಿಚ್ಚಿಕೊಡುವುದು ಅವನ ಕೆಲಸ. ಆಗಲೂ ಮಂಚದ ಮೇಲೆ ಕೂತು ಅದನ್ನೇ ಮಾಡುತ್ತಿದ್ದ. ಕೈಯಲ್ಲಿದ್ದ ದಾರ ಪಟ್ಟನೆ ತುಂಡಾಯಿತು.

ಅಕ್ಕ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಯ ಮುಚ್ಚಳದಲ್ಲಿಟ್ಟಳು.

"ಇನ್ನೊಂದು ಸಲ ಓದಿ," ಎಂದಳು.

ಬೇಕರಿಯವಳು ಈ ಸಲ ರಾಗ ಎಳೆದು ಓದಿದಳು.

"ತೋಳು ಸ್ವಲ್ಪ ಸಡಿಲ ಬಿಡ್ಲಾ?" ಎಂದು ಕೇಳಿ, ಅಕ್ಕ ಮತ್ತೆ ಸೂಜಿಗಳನ್ನು ತುಟಿಗಳ ನಡುವೆ ಇಟ್ಟುಕೊಂಡಳು. ತಮ್ಮನ ಕಡೆ ತಿರುಗಿ ನೋಡಲೇ ಇಲ್ಲ.

ಆ ಮಂಚ ಅಕ್ಕನದು. ಎದೆನೋವು ಅಂತ ಆಸ್ಪತ್ರೆಗೆ ಹೋದ ಭಾವ ವಾಪಸ್ ಬರದೇ ಹೋದ ಮೇಲೆ ಅವಳು ಬಾಡಿಗೆ ಮನೆ ಖಾಲಿ ಮಾಡಿ ತವರಿಗೆ ಬಂದಿದ್ದಳು. ತಂದದ್ದು ಎರಡೇ ಸಾಮಾನು: ಹೊಲಿಗೆ ಮೆಷಿನ್ನು ಮತ್ತು ಜೋಡಿ ಮಂಚ. ಒಳಕೋಣೆಯ ಬಾಗಿಲಲ್ಲಿ ಮಂಚ ಹಿಡಿಸಲಿಲ್ಲ. ಮುಂದಿನ ಕೋಣೆಯಲ್ಲೇ ಗೋಡೆಗೆ ಒತ್ತಿ ಹಾಕಿದರು. ಹಗಲು ಅದರ ಮೇಲೆ ಬಟ್ಟೆ ಹರಡಿ ಕತ್ತರಿಸುತ್ತಿದ್ದಳು, ರಾತ್ರಿ ಮಲಗುತ್ತಿದ್ದಳು.

ಒಂದು ಮಧ್ಯಾಹ್ನ ಒಗೆದ ಹೊದಿಕೆ ಮಡಚುತ್ತ, ಎರಡು ತುದಿ ಅವಳ ಕೈಯಲ್ಲಿ, ಎರಡು ತುದಿ ಗುಮ್ಮನ ಕೈಯಲ್ಲಿ ಇದ್ದಾಗ, ಅವಳು ತಾನಾಗಿಯೇ ಹೇಳಿದ್ದಳು. "ನಗಬೇಡ ಕಣೋ. ನಾನು ಈಗಲೂ ಮಂಚದ ಒಂದೇ ಬದೀಲಿ ಮಲಗ್ತೀನಿ. ನಡುವಿಗೆ ಬಂದು ಮಲಗೋಣ ಅಂದ್ಕೋತೀನಿ, ಮೈ ಕೇಳಲ್ಲ."

ಅಮ್ಮನಿಗೆ ಹೇಳಿದರೆ ಅಮ್ಮ ಅಳುತ್ತಾಳೆ. ಅಪ್ಪನಿಗೆ ಹೇಳಿದರೆ ಅಪ್ಪ ತಮಾಷೆ ಮಾಡಿ ಮಾತು ಹಾರಿಸುತ್ತಾನೆ. ಗುಮ್ಮನಿಗೆ ಹೇಳಿದರೆ ಬಾವಿಗೆ ಹಾಕಿದ ಹಾಗೆ, ಅಲ್ಲೇ ಇರುತ್ತದೆ ಎಂದು ಅವಳು ನಂಬಿದ್ದಳು.

ಗುಮ್ಮ ಕೆಲಸ ಮಾಡುತ್ತಿದ್ದುದು ಒಂದು ಡೇಟಿಂಗ್ ವೆಬ್‌ಸೈಟಿನಲ್ಲಿ. ಮನೆಯಲ್ಲಿ ಮಾತ್ರ "ಹೆಣ್ಣು ಗಂಡು ಜೋಡಿಸೋ ಕಂಪನಿ" ಎಂದಿದ್ದ. "ಊರಿಗೆಲ್ಲ ಗಂಟು ಹಾಕ್ತಾನೆ, ಇವನ ಕೊರಳಿಗೆ ಒಂದೂ ಬೀಳಲಿಲ್ಲ," ಎಂದು ಅಪ್ಪ ಬಂದವರ ಮುಂದೆಲ್ಲ ಹೇಳುತ್ತಿದ್ದ. ಒಂದು ಸಲ ಹೆಸರು ಬರೆಸಿ ಮರೆತುಹೋದ ಗಂಡಸರಿಗೆ, ಎಂದೂ ಬರೆಸದೆ ಇದ್ದವರಿಗೂ, ಒಬ್ಬ ಹೆಂಗಸು ಬರೆದ ಹಾಗೆ ಮೇಲ್ ಬರೆಯುವುದು ಅವನ ಕೆಲಸವಾಗಿತ್ತು. ಅವರು ಅದನ್ನು ತೆರೆಯಬೇಕು, ಒತ್ತಬೇಕು, ದುಡ್ಡು ಕಟ್ಟಿ ಒಳಗೆ ಬರಬೇಕು.

ಆಫೀಸಿನಲ್ಲಿ ಒಂದು ಪದ್ಧತಿಯಿತ್ತು. ಮೇಲ್ ಒಂದೇ, ಆದರೆ ಅದರ ನೆತ್ತಿಗೆ ಹಾಕುವ ಸಾಲು ಎರಡು ಬರೆಯಬೇಕು. ಬೆಳಿಗ್ಗೆ ಸ್ವಲ್ಪ ಜನಕ್ಕೆ ಇದು, ಸ್ವಲ್ಪ ಜನಕ್ಕೆ ಅದು. ಯಾವುದನ್ನು ಹೆಚ್ಚು ಜನ ತೆರೆಯುತ್ತಾರೋ ಅದನ್ನು ಮಧ್ಯಾಹ್ನ ಕಂಪ್ಯೂಟರೇ ಎಲ್ಲರಿಗೂ ಕಳಿಸಿಬಿಡುತ್ತದೆ. ಆ ದಿನ ಗುಮ್ಮನ ಹತ್ತಿರ ಒಂದು ಒಳ್ಳೆಯ ಸಾಲಿತ್ತು: "ನಿಮ್ಮ ನಗು ನನ್ನನ್ನು ತಡೆದು ನಿಲ್ಲಿಸಿತು." ಬರೆದು ತಾನೇ ಮೆಚ್ಚಿಕೊಂಡಿದ್ದ. ಎರಡನೆಯದು ಸೋಲುವುದಕ್ಕೆ ಒಂದು ಬೇಕಾಗಿತ್ತು, ಅಷ್ಟೆ. ಮೇಲ್ವಿಚಾರಕಿ ಮೇಡಂ ಹಿಂದಿನಿಂದ "ಆಯ್ತಾ, ಆಯ್ತಾ?" ಎನ್ನುತ್ತಿದ್ದಳು. ಅವನ ಬೆರಳುಗಳು ಅಕ್ಕನ ಮಾತನ್ನು ಟೈಪು ಮಾಡಿದವು. ಹೇಗೂ ಸೋಲುವುದು ತಾನೆ ಎಂದುಕೊಂಡ.

ಊಟದ ಡಬ್ಬಿ ತೊಳೆದುಕೊಂಡು ಬರುವಷ್ಟರಲ್ಲಿ ಅದು ಗೆದ್ದು, ಎಲ್ಲರಿಗೂ ಹೋಗಿಬಿಟ್ಟಿತ್ತು. ಮೇಡಂ ಅವನ ಮೇಜಿಗೇ ಬಂದು ಬೆನ್ನು ತಟ್ಟಿದಳು.

"ಯಾರೋ ಇವಳು? ಎಲ್ಲಿಂದ ಹಿಡಿದೆ?"

"ಸುಮ್ಮನೆ... ಹೊಳೀತು."

ಆ ಸಂಜೆ ಅವನು ಖುಷಿಯಲ್ಲಿ ಕಿತ್ತಳೆಹಣ್ಣು ಕೊಂಡು ತಂದಿದ್ದ. ಅಕ್ಕ ಮೆಷಿನ್ನಿನ ಮುಂದೆ ಕೂತು ಒಂದು ಹಣ್ಣು ಪೂರ್ತಿ ತಿಂದು, "ಸಿಹಿ ಇದೆ ಕಣೋ," ಎಂದಿದ್ದಳು. ಬೇಕರಿಯವಳು ಬಂದು ಹೋದ ಮೇಲೆ ಅವನಿಗೆ ಬೇರೆಲ್ಲಕ್ಕಿಂತ ಇದೇ ಹೆಚ್ಚು ಚುಚ್ಚಿತು.

ಅಕ್ಕ ಕೂಗಾಡಲಿಲ್ಲ. ಆ ದಿನ ಎಲ್ಲರಿಗೂ ಬಡಿಸಿದಳು, ಅವನಿಗೂ ಬಡಿಸಿದಳು.

"ಸಾಕಾ?"

"ಸಾಕು."

ಅಷ್ಟೇ ಮಾತು. ಮರುದಿನವೂ ಅಷ್ಟೇ, ಮರುವಾರವೂ ಅಷ್ಟೇ. ಅವನು ಒಳಗೆ ಬಂದರೆ ಅವಳು ಆಡುತ್ತಿದ್ದ ಮಾತನ್ನು ಹಲ್ಲಲ್ಲಿ ದಾರ ಕಡಿದ ಹಾಗೆ ಕಡಿದು ನಿಲ್ಲಿಸುತ್ತಿದ್ದಳು. ಹೊದಿಕೆಯ ಒಂದು ತುದಿಯನ್ನು ಗದ್ದಕ್ಕೆ ಒತ್ತಿ ಹಿಡಿದು ಒಬ್ಬಳೇ ಮಡಚಿಕೊಂಡಳು. ಹೊಲಿಗೆ ಬಿಚ್ಚುವ ಕೆಲಸ ಅಮ್ಮನಿಗೆ ಹೋಯಿತು. ಅಮ್ಮನ ಕಣ್ಣು ಮಂದ. ಬೆರಳಿಗೆ ಚುಚ್ಚಿಕೊಂಡು ಶಪಿಸುತ್ತಿದ್ದಳು.

ಕೊನೆಗೆ ಒಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮ ಸೌಟನ್ನು ಪಾತ್ರೆಗೆ ಕುಕ್ಕಿದಳು.

"ಏನು ಬಂದಿದೆ ನಿಮ್ಮಿಬ್ಬರಿಗೆ? ಮೊದಲೇ ಇವನ ಬಾಯಿಗೆ ಬೀಗ. ಈಗ ನೀನೂ ಹಾಕ್ಕೊಂಡ್ರೆ ಈ ಮನೇಲಿ ನಾನು ಗೋಡೆ ಜೊತೆ ಮಾತಾಡ್ಲಾ?"

"ನನ್ನ ಜೊತೆ ಆಡು," ಎಂದ ಅಪ್ಪ.

"ನಿಮ್ಮ ಜೊತೆ ಆಡೋದೂ ಅದೇ ಲೆಕ್ಕ. ಹೇಳೇ, ಏನಾಯ್ತು?"

"ಅವನನ್ನೇ ಕೇಳಮ್ಮ," ಎಂದಳು ಅಕ್ಕ. "ನಾನು ಹೇಳಿದ್ರೆ ನಾಳೆ ಬೇಕರಿಯವಳು ಬಂದು ಓದ್ತಾಳೆ."

ಗುಮ್ಮ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಅವತ್ತು ಓದಿದ್ರಲ್ಲ, ಆ ಮೇಲ್ ನಾನು ಬರೆದದ್ದು. ಅದು ನಮ್ಮ ಆಫೀಸಿಂದ ಹೋದದ್ದು. ಮಾತು... ಅಕ್ಕಂದು."

ಅಮ್ಮನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವಳ ಕೈ ತಾನಾಗಿ ಬಾಯಿಗೆ ಹೋಯಿತು. ಆಮೇಲೆ ಗಂಡುಮಗನ ಕಡೆ ವಾಲುವ ಅವಳ ಹಳೆಯ ಚಾಳಿ ತಲೆಯೆತ್ತಿತು.

"ಅದರಲ್ಲಿ ಇವಳ ಹೆಸರಿತ್ತಾ?"

"ಇಲ್ಲ."

"ಫೋಟೋ?"

"ಬೇರೆ ಯಾರದೋ."

"ಮತ್ತೆ? ಯಾರಿಗೆ ಗೊತ್ತಾಗತ್ತೆ?"

"ನನಗೆ ಗೊತ್ತಾಗತ್ತಲ್ಲಮ್ಮ," ಎಂದಳು ಅಕ್ಕ. ದನಿ ಏರಿಸಲಿಲ್ಲ. "ಅವತ್ತು ನೀನು ನಕ್ಕೆ. ಅಪ್ಪ ನಕ್ಕರು. ನಮ್ಮವರಿಗೆ ಅಂತ ಬಿಟ್ಟಿರೋ ಜಾಗಕ್ಕೆ."

ಯಾರೂ ಉಣ್ಣಲಿಲ್ಲ. ಅಪ್ಪ ತಟ್ಟೆಯನ್ನು ಸರಿಸಿದ. ಅವನು ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸಿ ನಿವೃತ್ತನಾದವನು.

"ಜೀವಮಾನ ಪೂರ್ತಿ ಲಿಫ್ಟಲ್ಲಿ ನಿಂತಿದ್ದೆ ಕಣೋ. ನನ್ನ ಮುಂದೇನೇ ಜನ ಅತ್ತಿದ್ದಾರೆ, ಕಿತ್ತಾಡಿದ್ದಾರೆ. ಒಂದು ಮಾತು ಹೊರಗೆ ತಂದಿದ್ದೀನಾ?"

"ತಂದಿದ್ದೀರಿ," ಎಂದಳು ಅಮ್ಮ. "ಆ ಮೇಲಿನ ಮಹಡಿ ವಕೀಲರ ಎರಡನೇ ಸಂಸಾರದ ಕಥೆ ನನಗೆ ಬಾಯಿಪಾಠ. ಅವರ ಹಾಗೆ ಗೊರಕೆ ಹೊಡೆದೂ ತೋರಿಸಿದ್ದೀರಿ."

ಅಪ್ಪನ ಮುಖ ಸಣ್ಣಗಾಯಿತು. ಸರಿಸಿದ್ದ ತಟ್ಟೆಯನ್ನು ಮೆಲ್ಲಗೆ ಹತ್ತಿರ ಎಳೆದುಕೊಂಡ.

"ಕೆಲಸ ಬಿಟ್ಟುಬಿಡ್ಲಾ?" ಎಂದು ಗುಮ್ಮ ಕೇಳಿದ.

"ಬಿಟ್ಟು? ಬಾಡಿಗೆಗೆ ಏನು ಮಾಡೋಣ?" ಎಂದಳು ಅಮ್ಮ.

"ಬಿಡು ಅಂತ ನಾನೂ ಹೇಳಿಲ್ಲ," ಎಂದಳು ಅಕ್ಕ. "ನಾನು ಇನ್ನು ಏನೂ ಹೇಳಲ್ಲ."

ಆಫೀಸಿನಲ್ಲಿ ಆ ಹೆಂಗಸಿಗೆ ಒಂದು ಹೆಸರು ಬಿದ್ದಿತ್ತು: ಮಂಚದವಳು. "ಮಂಚದವಳ ಮುಂದಿನ ಮೇಲ್ ಎಲ್ಲಪ್ಪಾ?" ಎಂದು ಮೇಡಂ ಬಂದಾಗಲೆಲ್ಲ ಕೇಳುತ್ತಿದ್ದಳು. ಗುಮ್ಮ ಬರೆದ. ಕಿಟಕಿ, ಚಂದಿರ, ಒಂಟಿ ದೀಪ, ಓದಿದ್ದನ್ನೆಲ್ಲ ಕಲಸಿ ಬರೆದ. ಮೇಡಂ ಮೂಗು ಮುರಿದಳು.

"ಇದು ಅವಳ ಮಾತಲ್ಲ ಕಣಪ್ಪ. ಇದು ನಿನ್ನ ಮಾತು."

ಹೀಗಿರುವಾಗ ಒಂದು ಸಂಜೆ ಅಮ್ಮ ಈರುಳ್ಳಿ ಹೆಚ್ಚುತ್ತ ಮೂಗು ಸುರಿಸುತ್ತಿದ್ದಳು. ಅಕ್ಕ ಬ್ರೆಡ್ಡು ಕೊಯ್ಯುತ್ತಿದ್ದಳು, ಗುಮ್ಮ ಮೂಲೆಯಲ್ಲಿ ಕೂತು ಮೊಟ್ಟೆ ಸುಲಿಯುತ್ತಿದ್ದ. ಅವನು ಅಲ್ಲಿದ್ದುದು ಅಕ್ಕನಿಗೆ ಮರೆತೇಹೋಗಿತ್ತೇನೋ.

"ಆ ಬಾಡಿಗೆ ಮನೇಲಿ ಈರುಳ್ಳಿ ಹೆಚ್ಚೋದು ನಮ್ಮವರದ್ದೇ ಕೆಲಸ ಅಮ್ಮ. ಎರಡು ಹೋಳು ಮಾಡೋಷ್ಟರಲ್ಲಿ ಗಳಗಳ ಅಳೋರು. ಪಕ್ಕದ ಮನೆಯವರು ನಾನು ಹೊಡೀತೀನಿ ಅಂದ್ಕೊಂಡಿದ್ರು."

ಅಮ್ಮ ನಕ್ಕಳು. ಗುಮ್ಮನ ಕೈ ಮೊಟ್ಟೆಯ ಮೇಲೆ ನಿಂತಿತು. ಕಣ್ಣು ಚಾವಣಿಯ ಕಡೆ ಹೋಯಿತು. 'ನನ್ನ ಅಡುಗೆಮನೆಯಲ್ಲಿ ಒಬ್ಬ ಗಂಡಸು ಅಳುತ್ತಿದ್ದ...' ಅಲ್ಲ, 'ಈರುಳ್ಳಿ ಹೆಚ್ಚಿಕೊಡಲು ಈಗ ಯಾರೂ ಇಲ್ಲ...'

"ತಡಿ, ಪೆನ್ನು ತಂದ್ಕೊಡ್ಲಾ?"

ಅಕ್ಕ ಚಾಕು ಕೈಯಲ್ಲೇ ಹಿಡಿದು ಅವನನ್ನು ನೋಡುತ್ತಿದ್ದಳು.

"ಇಲ್ಲ ಅಕ್ಕ, ನಾನು..."

"ಬೇಕಾದ್ರೆ ಇನ್ನೊಂದು ಸಲ ನಿಧಾನವಾಗಿ ಹೇಳ್ತೀನಿ."

ಅವನು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅಮ್ಮ ನಂಬುತ್ತಿದ್ದಳು ಕೂಡ. ಆದರೆ ಅಕ್ಕ ನೋಡಿದ್ದು ಸರಿಯಾಗಿಯೇ ಇತ್ತು. ಅವನು ಅರ್ಧ ಸುಲಿದ ಮೊಟ್ಟೆಯನ್ನು ಬಟ್ಟಲಿಗೆ ಹಾಕಿ ಎದ್ದುಹೋದ. ಆ ಸಾಲನ್ನು ಅವನು ಆಫೀಸಿನಲ್ಲಿ ಬರೆಯಲಿಲ್ಲ. ಅದರಿಂದ ಅವನಿಗೆ ಸಮಾಧಾನವೂ ಆಗಲಿಲ್ಲ.

ಕೆಲವು ದಿನ ಕಳೆದ ಮೇಲೆ ಅವನು ಆಫೀಸಿಗೆ ಹೊರಟಿದ್ದಾಗ, ಅಕ್ಕ ಮೆಷಿನ್ ತುಳಿಯುತ್ತಲೇ ಕೇಳಿದಳು:

"ನೀನು ಬರೆದ ಆ ಮೇಲ್‌ಗೆ ಯಾರಾದ್ರೂ ಉತ್ತರ ಬರೆದ್ರಾ?"

"ಬರೆದಿದ್ದಾರೆ."

"ಏನಂತ?"

"ನೋಡಿಲ್ಲ. ಅದನ್ನ ಯಾರೂ ನೋಡಲ್ಲ ಅಕ್ಕ. ಬಂದದ್ದು ಒಂದು ಕಡೆ ಹೋಗಿ ಬೀಳತ್ತೆ ಅಷ್ಟೆ. ಮಾತಾಡ್ಬೇಕು ಅಂದ್ರೆ ಅವರು ದುಡ್ಡು ಕಟ್ಟಿ ಸೈಟಿನೊಳಗೆ ಬರಬೇಕು."

"ಬಂದ್ರೆ ಯಾರಿರ್ತಾರೆ?"

ಗುಮ್ಮ ಚಪ್ಪಲಿ ಹಾಕಿಕೊಳ್ಳುತ್ತಿದ್ದವನು ಹಾಗೇ ಬಗ್ಗಿಕೊಂಡೇ ಇದ್ದ. "ಯಾರೂ ಇರಲ್ಲ."

ಮೆಷಿನ್ ನಿಂತಿತು.

"ಮಾತು ನಂದು. ಹಾಗಿದ್ರೆ ಬಂದ ಉತ್ತರಾನೂ ನಂದೇ. ತಂದು ಓದು."

ಸಂಜೆ ಅವನು ಆಫೀಸಿನ ಲ್ಯಾಪ್‌ಟಾಪ್ ಮನೆಗೆ ತಂದ. ಮಂಚದ ಮೇಲೆ ಕತ್ತರಿಸಿದ ಬಟ್ಟೆ ಹರಡಿತ್ತು. ಅವನು ನೆಲದ ಮೇಲೆ ಕೂತ. ಅಕ್ಕ ಗುಂಡಿ ಹೊಲಿಯುತ್ತ ಕೇಳಿಸಿಕೊಂಡಳು. ಮೊದಲನೆಯದನ್ನು ಕಣ್ಣಲ್ಲೇ ಓದಿ ಅವನು ಮುಂದಕ್ಕೆ ಹೋಗಲು ನೋಡಿದ.

"ಬಿಡಬೇಡ. ಓದು."

"ಬೇಡ ಅಕ್ಕ. ಕೆಟ್ಟದಾಗಿದೆ."

"ಆ ಮಾತು ಹೊರಗೆ ಹಾಕುವಾಗ ಇದು ಬರತ್ತೆ ಅಂತ ಗೊತ್ತಿರಲಿಲ್ವಾ? ಓದು."

ಅವನು ಓದಿದ. ಒಬ್ಬ ತಮ್ಮ ಒಬ್ಬ ಅಕ್ಕನ ಮುಂದೆ ಆಡಬಾರದ ಮಾತುಗಳನ್ನೆಲ್ಲ ಒಂದಾದ ಮೇಲೊಂದು ಓದಿದ. ದನಿ ಒಣಗಿ ನಿಂತಲ್ಲಿ ಅಕ್ಕ ಕಾದಳು. ಅವನು ಮತ್ತೆ ಶುರುಮಾಡಿದ. ಒಳಕೋಣೆಯಲ್ಲಿ ಅಪ್ಪ ರೇಡಿಯೋ ದೊಡ್ಡದು ಮಾಡಿದ.

ಎಲ್ಲವೂ ಹಾಗಿರಲಿಲ್ಲ. ಕನ್ನಡಕದ ಅಂಗಡಿಯವನೊಬ್ಬ ಬರೆದಿದ್ದ: "ನನ್ನ ಹೆಂಡತಿ ತೀರಿಕೊಂಡ ಮೇಲೆ ನಾನೂ ಹಾಗೇ. ನಾನು ಬಾಗಿಲ ಕಡೆ ಮಲಗುವವನು. ನೀವು ಯಾವ ಕಡೆ?" ರಾತ್ರಿ ಕಾವಲುಗಾರ ಒಬ್ಬ: "ನನಗೆ ಮಂಚ ಇಲ್ಲ, ಕುರ್ಚಿ. ಆದರೂ ಅರ್ಥವಾಯಿತು." ಇನ್ನೊಬ್ಬ: "ದುಡ್ಡು ಕಟ್ಟಿ ಒಳಗೆ ಬಂದೆ. ನೀವು ಮಾತಾಡುತ್ತಿಲ್ಲ. ನನ್ನಿಂದ ಏನಾದರೂ ತಪ್ಪಾಯಿತೆ?"

ಅಕ್ಕ ಎದ್ದುಹೋಗಿ ನೀರು ಕುಡಿದು ಬಂದಳು.

"ಇವರಿಗೆಲ್ಲ ಬರಿ," ಎಂದಳು.

"ಯಾರಿಗೆ?"

"ಉತ್ತರ ಬರೆದವರಿಗೆಲ್ಲ. ಹೊಲಸು ಬರೆದವರಿಗೂ."

ಅವಳು ಹೇಳುತ್ತಾ ಹೋದಳು, ಅವನು ಬೆರಳಾಡಿಸಿದ. 'ಆ ಮಾತು ನಿಮಗೆ ಬರೆದದ್ದಲ್ಲ. ಗಂಡ ತೀರಿಕೊಂಡ ಒಬ್ಬಳು ಮನೆಯಲ್ಲಿ ತನ್ನ ತಮ್ಮನಿಗೆ ಹೇಳಿಕೊಂಡದ್ದು. ಅವನು ಅದನ್ನು ಕಂಪನಿಗೆ ಕೊಟ್ಟ. ಇಲ್ಲಿ ಯಾರೂ ನಿಮಗಾಗಿ ಕಾಯುತ್ತಿಲ್ಲ. ದುಡ್ಡು ಕಟ್ಟಬೇಡಿ. ಕಟ್ಟಿದ್ದರೆ ವಾಪಸ್ ಕೇಳಿ. ನೀವು ಬರೆದದ್ದನ್ನು ಓದಿದ್ದೇವೆ.'

ಅಕ್ಕ ಬಗ್ಗಿ ಪರದೆ ನೋಡಿದಳು. "ಕೊಟ್ಟ ಅಂತ ನಾನು ಹೇಳಲಿಲ್ಲ. ಮಾರಿದ ಅಂದೆ."

ಅವನು ಅಳಿಸಿ, ಮಾರಿದ ಎಂದು ಬರೆದ.

"ಇದನ್ನ ಕಳಿಸಿದ್ರೆ ನನ್ನ ಕೆಲಸ ಹೋಗತ್ತೆ ಅಕ್ಕ."

"ಗೊತ್ತು. ಕಳಿಸೋದು ಬಿಡೋದು ನಿನ್ನಿಷ್ಟ. ಮಾರುವಾಗ ನನ್ನ ಕೇಳಿರಲಿಲ್ಲ." ಅವಳು ಗುಂಡಿಗೆ ದಾರ ಸುತ್ತಿ ಕಡಿದಳು. ಸ್ವಲ್ಪ ತಡೆದು, "ಆ ಕನ್ನಡಕದವರಿಗೆ ಮಾತ್ರ ಕೆಳಗೆ ಇನ್ನೊಂದು ಸಾಲು ಹಾಕು," ಎಂದಳು.

"ಏನಂತ?"

"ಗೋಡೆ ಕಡೆ ಅಂತ. ಅಷ್ಟೇ. ಹೆಸರು ಬೇಡ."

ಅವನು ಕಳಿಸಿದ. ಕಳಿಸಿದ ಮೇಲೆ ಅಕ್ಕನ ಮುಖ ನೋಡಿದ. ಅವಳು ಮುಂದಿನ ಗುಂಡಿ ಎತ್ತಿಕೊಂಡಿದ್ದಳು.

ಆಫೀಸಿನಲ್ಲಿ ದೊಡ್ಡ ಗಲಾಟೆ ಏನೂ ಆಗಲಿಲ್ಲ. ಮೇಡಂ ಅವನ ಗುರುತುಚೀಟಿ ಇಸಿದುಕೊಂಡಳು. "ಒಳ್ಳೆ ಕೈ ಇತ್ತು ನಿಂದು," ಎಂದಳು. ಅದನ್ನು ಅವಳು ನಿಜವಾದ ಬೇಸರದಿಂದಲೇ ಹೇಳಿದ್ದರಿಂದ ಅವನಿಗೆ ತಲೆಯೆತ್ತಲು ಆಗಲಿಲ್ಲ.

ಅಮ್ಮ ಮಾತ್ರ ಮನೆಯನ್ನು ತಲೆಯ ಮೇಲೆ ಹೊತ್ತುಕೊಂಡಳು. "ಮಾನ ಹೋಯ್ತು ಅಂತ ಅನ್ನಾನೂ ಕಳ್ಕೊಂಡ್ರಲ್ಲ! ಅಕ್ಕ ತಮ್ಮ ಸೇರಿ ಒಲೆಗೆ ನೀರು ಹಾಕಿದ್ರಿ!" ಮರುದಿನದಿಂದ ಹಾಲು ಅರ್ಧವಾಯಿತು. ಅಕ್ಕ ಪರದೆ, ದಿಂಬಿನ ಚೀಲಗಳ ಹೊಲಿಗೆಯನ್ನೂ ಒಪ್ಪಿಕೊಂಡಳು. ಅಪ್ಪ ತನ್ನ ಹಳೆಯ ಕಟ್ಟಡದಲ್ಲಿ ಯಾರನ್ನೋ ಹಿಡಿದು ಗುಮ್ಮನಿಗೆ ಔಷಧಿ ಗೋದಾಮಿನಲ್ಲಿ ಕೆಲಸ ಕೊಡಿಸಿದ. ಪೆಟ್ಟಿಗೆಗೆ ಲೇಬಲ್ ಪಟ್ಟಿ ಅಂಟಿಸುವುದು, ಎತ್ತಿ ಜೋಡಿಸುವುದು. "ಸಾಹಿತ್ಯ ಓದಿದ್ದಾನೆ, ಪಟ್ಟಿ ಸೊಟ್ಟ ಅಂಟಿಸಲ್ಲ," ಎಂದು ಅಪ್ಪ ಅಲ್ಲೂ ಹೇಳಿ ಬಂದಿದ್ದ.

ಕೆಲಸ ಹೋದ ಮೇಲಾದರೂ ಅಕ್ಕ ಮೊದಲಿನ ಹಾಗೆ ಮಾತಾಡುತ್ತಾಳೆ ಎಂದು ಗುಮ್ಮ ಒಳಗೊಳಗೇ ಎಣಿಸಿದ್ದ. ಅವಳು ಮಾತಾಡಿದಳು. ಕೆಮ್ಮು ಬಂದಾಗ ಔಷಧಿ ತಗೋ ಎಂದಳು. ಅಂಗಿಯ ಹರಿದ ಕಾಲರ್ ತಿರುಗಿಸಿ ಹೊಲಿದುಕೊಟ್ಟಳು. ಅವನ ತಟ್ಟೆಗೆ ಆಲೂಗಡ್ಡೆ ಎಂದೂ ಕಡಿಮೆ ಬೀಳಲಿಲ್ಲ. ಆದರೆ ಭಾವನ ಮಾತು ಅವನ ಮುಂದೆ ಒಂದು ದಿನವೂ ಬರಲಿಲ್ಲ.

ಒಂದು ಸಂಜೆ ಗೋದಾಮಿನಿಂದ ಬಂದು ಮೆಟ್ಟಿಲು ಹತ್ತುತ್ತಿದ್ದಾಗ ಅಡುಗೆಮನೆಯಿಂದ ಅಕ್ಕನ ದನಿ ಕೇಳಿಸಿತು. ಏನನ್ನೋ ಹೇಳುತ್ತ ನಡುನಡುವೆ ತಾನೇ ನಗುತ್ತಿದ್ದಳು, ಅಮ್ಮ "ಅಯ್ಯೋ, ಆಮೇಲೆ?" ಎನ್ನುತ್ತಿದ್ದಳು. ಗುಮ್ಮ ಬಾಗಿಲು ತಳ್ಳಿ ಒಳಗೆ ಕಾಲಿಟ್ಟ. ದನಿ ನಿಂತಿತು.

"ಯಾರು, ಗುಮ್ಮಾನಾ?" ಎಂದಳು ಅಮ್ಮ.

"ಹೂಂ."

ಪಾತ್ರೆಯಲ್ಲಿ ಚಮಚ ಆಡುವ ಸದ್ದು ಮಾತ್ರ ಬಂತು. ಒಳಗೆ ಹೋದರೆ ಅಕ್ಕ ಊಟ ಹಾಕ್ಲಾ ಎಂದು ಕೇಳುತ್ತಾಳೆ. ಅಮ್ಮ ತರಕಾರಿಯ ಬೆಲೆ ತೆಗೆಯುತ್ತಾಳೆ.

"ಅಮ್ಮ, ಸೋಪು ತಂದುಬಿಡ್ತೀನಿ," ಎಂದ.

"ನಿನ್ನೆ ತಂದಿದ್ದೀಯಲ್ಲೋ!"

"ಇನ್ನೊಂದು ಇರಲಿ."

ಅಗುಳಿಯ ಸದ್ದು ಅಡುಗೆಮನೆಗೆ ಕೇಳುವ ಹಾಗೆ ಬಾಗಿಲು ಎಳೆದುಕೊಂಡ. ಮೆಟ್ಟಿಲನ್ನು ಗಟ್ಟಿಯಾಗಿ ತುಳಿಯುತ್ತ ಇಳಿದ. ಕೆಳಗೆ ಓಣಿಯಲ್ಲಿ, ಅಡುಗೆಮನೆಯ ಕಿಟಕಿಯ ಬೆಳಕು ಬೀಳುವಲ್ಲಿ, ಒಂದು ಗಳಿಗೆ ನಿಂತ. ಮೇಲೆ ಅಕ್ಕನ ದನಿ ಮತ್ತೆ ಶುರುವಾಯಿತು. ಮೊದಲು ತಗ್ಗಿ, ಆಮೇಲೆ ತನ್ನ ಪಾಡಿಗೆ. ಗೋಡೆಗೆ ಇನ್ನಷ್ಟು ಹತ್ತಿರ ಸರಿದಿದ್ದರೆ ಮಾತುಗಳೂ ಬಿಡಿಬಿಡಿಯಾಗಿ ಕೇಳಿಸುತ್ತಿದ್ದವು.

ಗುಮ್ಮ ರಸ್ತೆ ದಾಟಿ ಆಚೆ ಹೋದ.